ಬಾಸೆಲ್ ಬರ್ತದೆ, ಆಯ್ಲರ್ ಯಾಕೆ ಬರುದಿಲ್ಲ?

ಸ್ವಿಟ್ಜರ್ಲೆಂಡಿನ ಬಾಸೆಲ್ ಅನ್ನುವ ಊರಿನ ಹೆಸರು ಮಂಗಳೂರಿನವರಿಗೆ ಹೊಸತೇನಲ್ಲ. 1834ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿಗೆ ಬಂದ್ರು, ಶಾಲೆ ಮಾಡಿದ್ರು, ಪ್ರೆಸ್ ಹಾಕಿದ್ರು, ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. 1843ರಲ್ಲಿ ಮೊಗ್ಲಿಂಗ್ ಮಂಗಳೂರ ಸಮಾಚಾರ ತಂದದ್ದು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಎಲ್ಲ ಇಲ್ಲಿಯೇ. ಬಲ್ಮಠದ ಕಡೆ ಹೋಗಿ ಯಾರನ್ನು ಬೇಕಾದ್ರೂ ಕೇಳಿ, ಬಾಸೆಲ್ ಮಿಶನ್ ಅಂತ ಚಂದ ಮಾಡಿ ಹೇಳ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದಿದ್ರೆ ಅದು ಬೇಸಲ್ ಅಂತ ಆಗ್ಬೇಕಿತ್ತು, ಹಾಗೆ ಹೇಳಿದವರನ್ನು ನಾನಂತೂ ಊರಲ್ಲಿ ಕೇಳಿಲ್ಲ. ಯಾಕಂದ್ರೆ ನಮ್ಮ ಹಿರಿಯರು ಆ ಹೆಸರನ್ನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ಜರ್ಮನ್ ಮಾತಾಡುವವರ ಬಾಯಿಂದಲೇ ಕೇಳಿ ಕಲಿತದ್ದು. ಕಿವಿಯಿಂದ ಬಂದ ಹೆಸರು, ಹಾಗಾಗಿ ಇಷ್ಟು ವರ್ಷ ಆದ್ರೂ ಕೆಡದೆ ಉಳಿದಿದೆ.

ಈಗ ಅದೇ ಬಾಸೆಲ್ ಊರಿನಲ್ಲಿ 1707ರಲ್ಲಿ ಹುಟ್ಟಿದ ಒಬ್ಬರ ವಿಷಯ. ಪಿಯುಸಿಯಿಂದ ಮೇಲೆ ಮ್ಯಾಥ್ಸ್ ಓದುವ ಯಾರಿಗೂ ಇವರನ್ನು ಬಿಟ್ಟು ಮುಂದೆ ಹೋಗ್ಲಿಕ್ಕೆ ಆಗುದಿಲ್ಲ, ಇ ಅನ್ನುವ ಸಂಖ್ಯೆಗೆ ಆ ಅಕ್ಷರ ಇಟ್ಟದ್ದು ಇವರು, ಫಂಕ್ಷನ್ನಿಗೆ ಎಫ್ ಆಫ್ ಎಕ್ಸ್ ಅಂತ ಬರೆಯುವ ಪದ್ಧತಿ ಇವರದ್ದು. ಲಿಯೋನ್‌ಹಾರ್ಡ್ ಆಯ್ಲರ್. ನಮ್ಮ ಹೆಚ್ಚಿನ ಕ್ಲಾಸುಗಳಲ್ಲಿ ಇವರು ಯೂಲರ್. 1 ಕ್ಕೆ 1/4 ಕೂಡಿಸಿ, 1/9 ಕೂಡಿಸಿ, 1/16 ಕೂಡಿಸಿ, ಹೀಗೇ ಕೂಡಿಸ್ತಾ ಹೋದ್ರೆ ಕೊನೆಗೆ ಎಂತ ಬರ್ತದೆ ಅಂತ ಒಂದು ಪ್ರಶ್ನೆ ಉಂಟು, 17ನೇ ಶತಮಾನದ ದೊಡ್ಡ ದೊಡ್ಡವರಿಗೆ ಬಗೆಹರಿಯದೆ ಕೂತದ್ದು, ಬಾಸೆಲ್‌ನವರೇ ಆದ ಯಾಕೋಬ್ ಬೆರ್ನೂಲಿಯವರ ಕೈಗೂ ಸಿಗ್ಲಿಲ್ಲ. ಆಯ್ಲರ್ 1735ರ ಹೊತ್ತಿಗೆ ಉತ್ತರ ಕೊಟ್ರು, ಪೈ ಸ್ಕ್ವೇರ್ ಬೈ 6. ವೃತ್ತದ ಸುದ್ದಿಯೇ ಇಲ್ಲದ ಲೆಕ್ಕದಲ್ಲಿ ಪೈ ಎಲ್ಲಿಂದ ಬಂತು ಅಂತ ಇವತ್ತಿಗೂ ಮಕ್ಕಳಿಗೆ ತೋರಿಸಿದ್ರೆ ಕಣ್ಣು ದೊಡ್ಡ ಮಾಡ್ತಾರೆ. ಆ ಪ್ರಶ್ನೆಗೆ ಬಾಸೆಲ್ ಪ್ರಾಬ್ಲೆಮ್ ಅಂತಲೇ ಹೆಸರು. ಊರಿನ ಹೆಸರು ನಮಗೆ ಸರಿಯಾಗಿ ಬರ್ತದೆ, ಅದನ್ನು ಬಿಡಿಸಿದವರ ಹೆಸರು ಮಾತ್ರ ಬರುದಿಲ್ಲ ಅಂದ್ರೆ ನನಗೆ ನಿಜವಾಗಿ ಬೇಜಾರಾಗ್ತದೆ.

ನಾನು ಪಿಯು ಮಕ್ಕಳಿಗೆ ಮ್ಯಾಥ್ಸ್ ಪಾಠ ಮಾಡುದು. ಹೆಸರಿನ ವಿಷಯ ಮಾತಾಡಿದ್ರೆ ಕೆಲವರು ಇದೆಲ್ಲ ಸ್ಟೈಲ್ ಮಾಡುದು ಅಂತ ತಿಳ್ಕೊಳ್ತಾರೆ. ಆದ್ರೆ ತೊಂದರೆ ಆಗುದು ಮಕ್ಕಳಿಗೆ. ಒಮ್ಮೆ ಫಸ್ಟ್ ಪಿಯುಸಿಯ ಒಬ್ಬ ಹುಡುಗ ಬಂದು ಕೇಳಿದ, "ಮ್ಯಾಮ್, ಗ್ರಾಫ್ ಥಿಯರಿ ಶುರು ಮಾಡಿದ್ದು ಯೂಲರ್ ಅಂತ ಬುಕ್ಕಲ್ಲಿ ಉಂಟು, ಯೂಟ್ಯೂಬಲ್ಲಿ ಆಯ್ಲರ್ ಅಂತ ಬೇರೆ ಯಾರದ್ದೋ ಹೆಸರು ಹೇಳ್ತಾರೆ, ಪರೀಕ್ಷೆಗೆ ಯಾವುದು ಬರೀಬೇಕು?" ಹುಷಾರಿನ ಹುಡುಗ, ಅವನದ್ದು ತಪ್ಪೇ ಇಲ್ಲ. ಓದಿದ ಹೆಸರು ಒಂದು, ಕೇಳಿದ ಹೆಸರು ಇನ್ನೊಂದು, ಎರಡೂ ಒಬ್ಬರೇ ಅಂತ ಯಾರೂ ಹೇಳಿಕೊಡ್ಲಿಲ್ಲ. ಫಿಸಿಕ್ಸಲ್ಲಿ ಡಿ ಬ್ರಾಗ್ಲಿ ಅಂತ ಕಲಿತವರು ಒಳ್ಳೆ ಲೆಕ್ಚರ್ ಒಂದರಲ್ಲಿ ದ ಬ್ರೋಯ್ ಅಂತ ಕೇಳಿದ್ರೆ ಯಾರು ಅಂತ ಹೇಗೆ ಗೊತ್ತಾಗ್ಬೇಕು? ಕೇಳಿದ ಹೆಸರನ್ನು ಗೂಗಲ್‌ನಲ್ಲಿ ಟೈಪ್ ಮಾಡ್ಲಿಕ್ಕೂ ಬರುದಿಲ್ಲ, ಯಾಕಂದ್ರೆ ಸ್ಪೆಲ್ಲಿಂಗಿಗೂ ಶಬ್ದಕ್ಕೂ ಸಂಬಂಧ ಸಿಗುದಿಲ್ಲ. ಈಗ ಎಲ್ಲ ಮಕ್ಕಳ ಕೈಯಲ್ಲಿ ಫೋನ್ ಉಂಟು, ಜಗತ್ತಿನ ಒಳ್ಳೊಳ್ಳೆ ಪಾಠ ಬಿಟ್ಟಿ ಸಿಗ್ತದೆ, ಅದರ ಬಾಗಿಲಲ್ಲೇ ಹೆಸರು ಅಡ್ಡ ಬಂದ್ರೆ ಹೇಗೆ.

ಯೂಲರ್ ಅಂತ ಯಾಕಾಗ್ತದೆ ಅಂದ್ರೆ ಇ-ಯು ಅಂತ ಶುರುವಾಗುವ ಹೆಸರು ನಮಗೆ ಮೊದಲು ಸಿಗುದು ಹೈಸ್ಕೂಲಿನ ಯೂಕ್ಲಿಡ್. ಅದು ಗ್ರೀಕ್ ಹೆಸರು, ಇಂಗ್ಲಿಷಿನ ದಾರಿಯಲ್ಲಿ ನಮಗೆ ಬಂದದ್ದು. ಆಯ್ಲರ್ ಜರ್ಮನ್ ಹೆಸರು, ಜರ್ಮನ್‌ನಲ್ಲಿ ಇ-ಯು ಅಂದ್ರೆ ಆಯ್. ಇದು ನಮಗೆ ಗೊತ್ತಿಲ್ಲದ್ದಲ್ಲ, ಫ್ರಾಯ್ಡ್ ಅಂತ ಎಲ್ಲರೂ ಸರಿಯಾಗಿಯೇ ಹೇಳ್ತಾರಲ್ಲ, ಅಲ್ಲಿರುವುದೂ ಅದೇ ಇ-ಯು. ಇಂಗ್ಲಿಷಿನವರು ಕೂಡ ಆಯ್ಲರ್ ಅಂತಲೇ ಹೇಳುದು, ಹಾಗಾಗಿ ಇದು ಇಂಗ್ಲಿಷ್ ಉಚ್ಚಾರಣೆ ಅಂತ ಸಮಾಧಾನ ಮಾಡಿಕೊಳ್ಳಲಿಕ್ಕೂ ಆಗುದಿಲ್ಲ. ಜರ್ಮನ್ ಒಂದು ರೀತಿಯಲ್ಲಿ ಬಹಳ ನಿಯತ್ತಿನ ಭಾಷೆ, ನಾಲ್ಕೈದು ವಿಷಯ ತಿಳ್ಕೊಂಡ್ರೆ ಹೆಚ್ಚಿನ ಹೆಸರು ದಾರಿಗೆ ಬರ್ತದೆ. ಇ-ಐ ಬಂದ್ರೆ ಐ, ಐ-ಇ ಬಂದ್ರೆ ಈ. ಹಾಗಾಗಿ ಲೈಬ್ನಿಟ್ಸ್, ಲೀಬ್ನಿಜ್ ಅಲ್ಲ. ಹಾಗೇ ರೀಮಾನ್, ರೈಮನ್ ಅಲ್ಲ. ಝಡ್ ಅಂದ್ರೆ ಟ್ಸ್, ಅದಕ್ಕೇ ಶ್ವಾರ್ಟ್ಸ್, ಹೆರ್ಟ್ಸ್. ಡಬ್ಲ್ಯು ಅಂದ್ರೆ ನಮ್ಮ ವ, ಶುರುವಿನ ಎಸ್-ಟಿ ಅಂದ್ರೆ ಶ್ಟ್. ವೈಯರ್‌ಶ್ಟ್ರಾಸ್ ಅಂತ ಬೋರ್ಡಲ್ಲಿ ಕನ್ನಡದಲ್ಲಿ ಬರೆದುಬಿಟ್ರೆ ಮತ್ತೆ ಯಾರಿಗೂ ಡೌಟೇ ಬರುದಿಲ್ಲ. ಗೌಸ್ ಅಂತೂ ನಮಗೆ ಹೇಳಿ ಮಾಡಿಸಿದ್ದು, ನಮ್ಮ ಔ ಅಕ್ಷರ ಅದಕ್ಕೆ ಸರಿಯಾಗಿ ಕೂರ್ತದೆ, ಆದ್ರೂ ಫಿಸಿಕ್ಸ್ ಕ್ಲಾಸಲ್ಲಿ ಗಾಸ್ ಲಾ ಅಂತಲೇ ಕೇಳ್ತದೆ.

ನನಗೆ ಇಲ್ಲಿ ಹೇಳ್ಲಿಕ್ಕಿರುವ ಮುಖ್ಯ ವಿಷಯ ಇದೇ. ನಮ್ಮ ಕೈಯಲ್ಲಿ ಕನ್ನಡ ಲಿಪಿ ಉಂಟು, ಬರೆದ ಹಾಗೆ ಓದುವ ಲಿಪಿ, ಇಂಗ್ಲಿಷ್ ಮೀಡಿಯಮ್ ಮಕ್ಕಳು ಕೂಡ ಓದ್ಲಿಕ್ಕೆ ಬಲ್ಲರು. ಒಂದು ಹೆಸರು ಕೇಳಿ ತಿಳ್ಕೊಂಡು ಒಮ್ಮೆ ಕನ್ನಡದಲ್ಲಿ ಸರಿಯಾಗಿ ಬರೆದಿಟ್ರೆ ಮುಗೀತು, ಇನ್ನು ಸಾವಿರ ಮಕ್ಕಳು ಅದನ್ನು ಹಾಗೇ ಓದ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಇದು ಸಾಧ್ಯವೇ ಇಲ್ಲ. ಸಿ-ಎಚ್ ಅನ್ನುವ ಒಂದು ಜೋಡಿಯನ್ನೇ ನೋಡಿ, ಇಂಗ್ಲೆಂಡಿನ ಚಾಡ್ವಿಕ್‌ನಲ್ಲಿ ಚ, ಫ್ರಾನ್ಸಿನ ಕೋಶಿಯಲ್ಲಿ ಶ, ಇಟಲಿಯ ಬಿಯಾಂಕಿಯಲ್ಲಿ ಕ, ಜರ್ಮನ್ ಮಾತಾಡ್ತಿದ್ದ ಎರ್ನ್‌ಸ್ಟ್ ಮಾಖ್ ಹೆಸರಲ್ಲಿ ಗಂಟಲಿನ ಆಳದಿಂದ ಬರುವ ಒಂದು ಖ್. ನಾಲ್ಕು ದೇಶ, ನಾಲ್ಕು ಶಬ್ದ, ಸ್ಪೆಲ್ಲಿಂಗ್ ಒಂದೇ. ಅದನ್ನು ನೋಡಿ ಮಗು ಕೌಚಿ ಅಂತ ಓದಿದ್ರೆ ಮಗುವನ್ನು ಬೈದು ಎಂತ ಪ್ರಯೋಜನ? ಕೋಶಿ ಅಂತ ಕನ್ನಡದಲ್ಲಿ ಬರೆದು ತೋರಿಸಿ, ಕೇರಳದ ಕಡೆಯ ಕೋಶಿ ಅಂತ ಹೆಸರಿನವರನ್ನು ನೋಡಿದ ಮಕ್ಕಳು "ಅಷ್ಟೇಯಾ" ಅಂತ ನಕ್ಕು ಜನ್ಮದಲ್ಲಿ ಮರೆಯುದಿಲ್ಲ.

ಇನ್ನೊಂದು ವಿಷಯ ಉಂಟು, ಇದನ್ನು ಯಾಕೆ ಯಾರೂ ಹೇಳುದಿಲ್ಲ ಅಂತ ನನಗೆ ಆಶ್ಚರ್ಯ. ನಮ್ಮಲ್ಲಿ ತ ಬೇರೆ ಟ ಬೇರೆ, ದ ಬೇರೆ ಡ ಬೇರೆ. ಇಂಗ್ಲಿಷಿನ ಟಿ ಕೇಳಿದ್ರೆ ನಮ್ಮ ಕಿವಿಗೆ ಟ ಅಂತ ಕೇಳ್ತದೆ, ಹಾಗಾಗಿ ಇಂಗ್ಲಿಷಿನಿಂದ ಬಂದ ಎಲ್ಲದಕ್ಕೂ ಟ ಡ ಹಾಕಿ ಬರೆಯುದು ನಮಗೆ ಅಭ್ಯಾಸ. ಆದ್ರೆ ಫ್ರೆಂಚ್, ಇಟಾಲಿಯನ್, ರಷ್ಯನ್ ಭಾಷೆಗಳಲ್ಲಿ ನಾಲಗೆ ಹಲ್ಲಿಗೆ ತಾಗ್ತದೆ, ಅದು ಶುದ್ಧ ತ, ಶುದ್ಧ ದ. ಅಂದ್ರೆ ಡೆಸ್ಕಾರ್ಟಿಸ್ ಅಂತ ನಾವು ಕಷ್ಟಪಟ್ಟು ಹೇಳುವ ಹೆಸರು ನಿಜವಾಗಿ ದೇಕಾರ್ತ್, ಎರಡೇ ಎರಡು ಉಚ್ಚಾರ, ಎಷ್ಟು ಸುಲಭ ನೋಡಿ. ಟಾರಿಸೆಲ್ಲಿ ಅಂತ ಹೇಳುದು ತೊರ್ರಿಚೆಲ್ಲಿ. ಓಲ್ಟಾ ಅಂತ ಹೇಳುದು ವೋಲ್ತಾ. ಒಬ್ಬ ಇಂಗ್ಲಿಷಿನವನಿಗೆ ಈ ತ ಹೇಳ್ಲಿಕ್ಕೆ ಬಹಳ ಅಭ್ಯಾಸ ಬೇಕಾಗ್ತದೆ, ನಮ್ಮ ಅಂಗನವಾಡಿ ಮಗುವಿಗೆ ತಾತ ಅಂತ ಹೇಳುವಾಗಲೇ ಬಂದಿರ್ತದೆ. ಇಷ್ಟು ಸೌಕರ್ಯ ಇಟ್ಟುಕೊಂಡು ನಾವು ಇಂಗ್ಲಿಷಿನವರ ಕಷ್ಟವನ್ನೂ ಹೊತ್ತುಕೊಂಡು ತಿರುಗುದು ಯಾಕೆ.

ಫ್ರೆಂಚ್ ಹೆಸರುಗಳಲ್ಲಿ ಕೊನೆಯ ಅಕ್ಷರಗಳು ಹೆಚ್ಚಾಗಿ ಬಾಯಿಗೆ ಬರುದೇ ಇಲ್ಲ, ಬರೆಯುದು ಮಾತ್ರ. ಫೆರ್ಮಾ, ಗಾಲ್ವಾ, ಫೂರಿಯೇ, ರಾಊಲ್, ಕೂಲೋಂ. ಕೂಲಂಬ್ ಅಂತ ಬಿ ಹಾಕಿ ಹೇಳುದು ಬೇಡ. ಲ್ಯಾಪ್ಲೇಸ್ ಅಲ್ಲ ಲಾಪ್ಲಾಸ್. ಕೆಮಿಸ್ಟ್ರಿಯ ಲೀ ಚಾಟ್ಲಿಯರ್ ಅಂದ್ರೆ ಲ ಶಾತಲ್ಯೇ. ಗ್ರಿಗ್ನಾರ್ಡ್ ರಿಯೇಜೆಂಟ್ ಅಂತ ಸೆಕೆಂಡ್ ಪಿಯುಸಿಯಲ್ಲಿ ಗಂಟಲು ಕಟ್ಟಿಕೊಂಡು ಹೇಳ್ತಾರಲ್ಲ, 1912ರಲ್ಲಿ ನೊಬೆಲ್ ಬಂದ ಆ ಪುಣ್ಯಾತ್ಮರ ಹೆಸರು ಗ್ರಿಞಾರ್. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಞ ಅಕ್ಷರಕ್ಕೆ ಒಂದು ಕೆಲಸ ಸಿಕ್ಕಿತು ಅಂತ ನಾನು ಕ್ಲಾಸಲ್ಲಿ ಹೇಳಿದಾಗ ಕಾಸರಗೋಡು ಕಡೆಯಿಂದ ಬರುವ ಮಕ್ಕಳು ಕೂಡ್ಲೆ "ಞಾನ್" ಅಂತ ಹೇಳಿ ತೋರಿಸಿದ್ರು, ಮಲಯಾಳದಲ್ಲಿ ನಾನು ಅನ್ನುದಕ್ಕೇ ಆ ಅಕ್ಷರ. ಉಳಿದವರು ಅವರನ್ನು ನೋಡಿ ಹೇಳಿದ್ರು. ಒಂದು ನಿಮಿಷದ ಕೆಲಸ.

ಲೋಪಿತಾಲ್ ರೂಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಎಲ್ ಹಾಸ್ಪಿಟಲ್ ರೂಲ್ ಅಂತ ಎಲ್ಲ ಕಡೆ ಕೇಳಿ ಕೇಳಿ ಅದೇ ಸರಿ ಅಂತ ಆಗಿಬಿಟ್ಟಿದೆ. ಹಳೆ ಕಾಲದ ಸ್ಪೆಲ್ಲಿಂಗಲ್ಲಿ ಎಸ್ ಇತ್ತು, ಫ್ರೆಂಚರ ಬಾಯಲ್ಲಿ ಆ ಎಸ್ ಬಹಳ ಹಿಂದೆಯೇ ಬಿದ್ದುಹೋಗಿತ್ತು, ಆಮೇಲೆ ಬರೆಯುವಾಗಲೂ ಬಿಟ್ಟು ಅದರ ಗುರುತಿಗೆ ಓ ಮೇಲೆ ಒಂದು ಟೊಪ್ಪಿ ಇಟ್ರು. ಈ ಲೋಪಿತಾಲ್ ಮಾರ್ಕಿ ಅನ್ನುವ ಬಿರುದಿದ್ದ ಒಬ್ಬ ಶ್ರೀಮಂತ, 1696ರಲ್ಲಿ ಕ್ಯಾಲ್ಕುಲಸ್‌ನ ಮೊದಲ ಪಠ್ಯಪುಸ್ತಕ ತಂದದ್ದು ಅವರು, ಅದರಲ್ಲಿ ಈ ರೂಲ್ ಬಂತು. ಆದ್ರೆ ರೂಲ್ ಕಂಡುಹಿಡಿದದ್ದು ಯೋಹಾನ್ ಬೆರ್ನೂಲಿ. ವರ್ಷಕ್ಕೆ 300 ಲೀವ್ರ್ ಕೊಡ್ತೇನೆ, ನೀವು ಕಂಡುಹಿಡಿದದ್ದನ್ನು ನನಗೆ ಬರೆದು ಕಳಿಸಿ, ಬೇರೆ ಯಾರಿಗೂ ಹೇಳ್ಬೇಡಿ ಅಂತ 1694ರಲ್ಲಿ ಇಬ್ಬರ ನಡುವೆ ಒಪ್ಪಂದ ಆಗಿತ್ತು. ಯೋಹಾನ್ ಅಂದ್ರೆ ಮೇಲೆ ಹೇಳಿದ ಯಾಕೋಬ್‌ರ ತಮ್ಮ, ಬಾಸೆಲ್‌ನವರೇ, ಬಾಲಕ ಆಯ್ಲರ್‌ಗೆ ದಾರಿ ತೋರಿಸಿದ ಗುರು ಕೂಡ ಅವರೇ. ಇದನ್ನು ಹೇಳಿದ ಮೇಲೆ ಕ್ಲಾಸಲ್ಲಿ ಯಾರೂ ಹಾಸ್ಪಿಟಲ್ ಅನ್ನುದಿಲ್ಲ, ಯಾಕಂದ್ರೆ ಆಗ ಅದೊಂದು ರೂಲಿನ ಲೇಬಲ್ ಆಗಿ ಉಳಿಯುದಿಲ್ಲ, ದುಡ್ಡು ಕೊಟ್ಟವರೂ ತೆಗೆದುಕೊಂಡವರೂ ಇರುವ ಮನುಷ್ಯರ ಕಥೆ ಆಗ್ತದೆ. ದೇಕಾರ್ತ್ ಕೂಡ ಹಾಗೆ. ಅವರ ಹೆಸರು ದೇಕಾರ್ತ್ ಆದ್ರೆ ಕಾರ್ಟೀಸಿಯನ್ ಪ್ಲೇನ್ ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿಯೇ ಕೇಳ್ತಾರೆ, ಆಗ ಆ ಕಾಲದವರು ಪುಸ್ತಕಗಳನ್ನು ಲ್ಯಾಟಿನ್‌ನಲ್ಲಿ ಬರೀತಿದ್ರು, ಲ್ಯಾಟಿನ್‌ನಲ್ಲಿ ಇವರ ಹೆಸರು ಕಾರ್ತೇಸಿಯುಸ್ ಅಂತ ಹೇಳ್ಲಿಕ್ಕೆ ಸಂದರ್ಭ ಸಿಗ್ತದೆ.

ನಮ್ಮ ಕರಾವಳಿಯ ಮಕ್ಕಳ ಕಿವಿ ಸಾಮಾನ್ಯದ್ದಲ್ಲ ಮಾರಾಯ್ರೆ. ಇದು ಊರಿನ ಅಭಿಮಾನಕ್ಕೆ ಹೇಳುದಲ್ಲ, ಕ್ಲಾಸಲ್ಲಿ ದಿನಾ ಕಾಣ್ತದೆ. ತುಳುವಿನಲ್ಲಿ "ಯಾನ್ ಪೋಪೆ" ಅಂದ್ರೆ ನಾನು ಹೋಗ್ತೇನೆ, "ಆಯೆ ಪೋಪೆ" ಅಂದ್ರೆ ಅವ ಹೋಗ್ತಾನೆ, ಕನ್ನಡದಲ್ಲಿ ಬರೆದ್ರೆ ಎರಡೂ ಪೋಪೆ, ಆದ್ರೆ ಬಾಯಲ್ಲಿ ಕೊನೆಯ ಎ ಬೇರೆ ಬೇರೆ, ಒಂದಕ್ಕೆ ಬಾಯಿ ಅಗಲ ಆಗ್ತದೆ, ಇನ್ನೊಂದಕ್ಕೆ ಇಲ್ಲ. ಅಷ್ಟು ಸಣ್ಣ ವ್ಯತ್ಯಾಸವನ್ನು ಮೂರು ವರ್ಷದ ಮಗು ಹಿಡೀತದೆ. ಕಣ್ಣ್, ಕಲ್ಲ್ ಅನ್ನುವಾಗ ಕೊನೆಗೆ ಬರುವ ಆ ಅರ್ಧ ಉಕಾರ ಇದೆಯಲ್ಲ, ದ ಬ್ರೋಯ್ ಅನ್ನುವಾಗಿನ ಆ ದ ಕೂಡ ಹಾಗೇ ಅರ್ಧ ಸ್ವರ, ಡಿ ಅಂತಲೂ ಅಲ್ಲ ಡೇ ಅಂತಲೂ ಅಲ್ಲ, ತುಳು ಮಾತಾಡುವವರಿಗೆ ಒಮ್ಮೆ ಹೇಳಿದ್ರೆ ಸಾಕು. ಕೊಂಕಣಿಯವರಿಗೆ ಮೂಗಿನ ಸ್ವರ ಹುಟ್ಟಿನಿಂದ ಬಂದದ್ದು, ಹಾಂವ್, ಖಂಯ್ ಅಂತ ದಿನಕ್ಕೆ ಎಷ್ಟು ಸಲ ಹೇಳ್ತಾರೆ, ಪ್ವೆಂಕರೇ, ಪ್ವಾಸೋಂ, ಲಾಗ್ರಾಂಜ್ ಅನ್ನುವ ಫ್ರೆಂಚ್ ಹೆಸರಿಗೆ ಬೇಕಾದದ್ದು ಅದೇ. ಕ್ರಿಶ್ಚಿಯನ್ ಮಕ್ಕಳು ಕೊಂಕಣಿಯಲ್ಲಿ ಜಾಯ್ ಅನ್ನುವಾಗ ಬರುವ ಜ ನಮ್ಮ ಜಾತ್ರೆಯ ಜ ಅಲ್ಲ, ಅದು ಇಂಗ್ಲಿಷಿನ ಝಡ್, ಬಾಸೆಲ್‌ನ ಸ ಕೂಡ ಜರ್ಮನರ ಬಾಯಲ್ಲಿ ಒಂಚೂರು ಆ ಕಡೆಗೇ ವಾಲ್ತದೆ.

ಇನ್ನು ಮದ್ರಸದಲ್ಲಿ ಅರಬ್ಬಿ ಕಲಿತ ಬ್ಯಾರಿ ಮಕ್ಕಳು. ಅಲ್ ಖ್ವಾರಿಜ್ಮಿ ಅವರ ಬಗ್ಗೆ ಹೇಳುವಾಗ, 9ನೇ ಶತಮಾನದ ಬಾಗ್ದಾದಿನಲ್ಲಿದ್ದವರು, ಅಲ್ಜೀಬ್ರಾ ಅನ್ನುವ ಹೆಸರು ಬಂದದ್ದು ಅವರ ಪುಸ್ತಕದಿಂದ, ಆಗ ಉಳ್ಳಾಲದ ಕಡೆಯಿಂದ ಬರುವ ಒಬ್ಬಳು ಹುಡುಗಿ ಕೈ ಎತ್ತಿ ಆ ಖ್ ಹೇಗೆ ಬರ್ಬೇಕು ಅಂತ ಹೇಳಿ ತೋರಿಸಿದ್ಳು, ನಾಲಗೆಯ ಬುಡ ಹಿಂದೆ ತೆಗೆದು, ಗಾಳಿ ಉಜ್ಜಿಕೊಂಡು ಹೊರಗೆ ಬರುವ ಹಾಗೆ. ಇಡೀ ಕ್ಲಾಸು ಅವಳನ್ನು ನೋಡಿ ಕಲೀತು. ನಾನು ಕೂಡ್ಲೆ ಬೋರ್ಡಲ್ಲಿ ಮಾಖ್ ಅಂತ ಬರೆದು ಇದೂ ಅದೇ ಶಬ್ದ ಅಂದೆ. ಉಡುಪಿ ಕಡೆ ವೇದಪಾಠ ಕಲಿತ ಹುಡುಗ ಒಬ್ಬ ಇದ್ದ, ಅವ ಹೇಳಿದ, "ವಿಸರ್ಗದ ಮುಂದೆ ಕ ಬಂದ್ರೆ ನಮ್ಮ ಗುರುಗಳು ಹೀಗೇ ಹೇಳಿಸ್ತಾರೆ." ಸರಿಯೇ, ಅದಕ್ಕೆ ಜಿಹ್ವಾಮೂಲೀಯ ಅಂತ ಹೆಸರು, ನಾಲಗೆಯ ಬುಡದಿಂದ ಬರುವುದು ಅಂತ. ಹಳೆಗನ್ನಡದ ಲಿಪಿಯಲ್ಲಿ ಅದಕ್ಕೆ ಬೇರೆ ಚಿಹ್ನೆಯೇ ಇತ್ತು, ಈಗಲೂ ಕಂಪ್ಯೂಟರಿನ ಕನ್ನಡ ಅಕ್ಷರಗಳ ಪಟ್ಟಿಯಲ್ಲಿ ಹುಡುಕಿದ್ರೆ ಸಿಗ್ತದೆ, ೱ. ಅರಬ್ಬಿ ಕಲಿತ ಹುಡುಗಿ, ವೇದ ಕಲಿತ ಹುಡುಗ, ಇಬ್ಬರೂ ಒಂದೇ ಬೆಂಚಿನ ಹಿಂದೆ ಮುಂದೆ ಕೂತು ಒಬ್ಬ ಜರ್ಮನ್ ಹೆಸರನ್ನು ನಮಗೆ ಕಲಿಸಿದ್ರು. ಆ ದಿನ ಪೋರ್ಷನ್ ಸ್ವಲ್ಪ ಹಿಂದೆ ಬಿತ್ತು, ನನಗೆ ಒಂದು ಚೂರೂ ಬೇಸರ ಇಲ್ಲ.

ಇಟಾಲಿಯನ್ ಕಲೀಲಿಕ್ಕೆ ನಮಗೆ ಇಟಲಿಗೆ ಹೋಗ್ಬೇಕು ಅಂತಿಲ್ಲ, ಲೈಟ್‌ಹೌಸ್ ಹಿಲ್ ಹತ್ತಿರ ಸಂತ ಅಲೋಶಿಯಸ್ ಚಾಪೆಲ್ ಉಂಟಲ್ಲ. ಒಳಗೆ ಗೋಡೆ, ಮಾಡು ಎಲ್ಲ ತುಂಬ ಚಿತ್ರ ಬರೆದವರು ಆಂತೋನಿಯೋ ಮೊಸ್ಕೇನಿ, ಬ್ರದರ್, ಇಟಲಿಯವರು, 1899ರಿಂದ 1901ರ ತನಕ ಕೂತು ಬರೆದದ್ದು. ಹೊರಗಿನಿಂದ ಬಂದವರು ಬೋರ್ಡ್ ನೋಡಿ ಮೊಶೇನಿ, ಮಾಸ್ಚೆನಿ ಅಂತೆಲ್ಲ ಓದ್ತಾರೆ. ಇಟಾಲಿಯನ್‌ನಲ್ಲಿ ಸಿ ನಂತರ ಎಚ್ ಬಂದ್ರೆ ಅದು ಕ, ಎಚ್ ಇಲ್ಲದೆ ಸಿ ನಂತರ ನೇರ ಇ ಅಥವಾ ಐ ಬಂದ್ರೆ ಚ. ಇಂಗ್ಲಿಷಿಗೆ ಸರಿಯಾಗಿ ಉಲ್ಟಾ. ಮೊಸ್ಕೇನಿ ಅಂತ ಒಂದು ಹೆಸರು ನೆನಪಿಟ್ಕೊಂಡ್ರೆ ಬಿಯಾಂಕಿ ತಪ್ಪುದಿಲ್ಲ, ತೊರ್ರಿಚೆಲ್ಲಿ ತಪ್ಪುದಿಲ್ಲ, ಫಿಬೊನಾಚ್ಚಿ ತಪ್ಪುದಿಲ್ಲ.

ಹಾಗೇ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, 1880ರಲ್ಲಿ ಅದನ್ನು ಶುರು ಮಾಡಿದ ಜರ್ಮನ್ ಪಾದ್ರಿಯವರ ಹೆಸರಿನ ಯು ಮೇಲೆ ಎರಡು ಚುಕ್ಕೆ ಉಂಟು. ಆ ಶಬ್ದ ಮುಲ್ಲರ್ ಮತ್ತು ಮಿಲ್ಲರ್ ನಡುವಿನದ್ದು. ಬಾಯೊಳಗೆ ನಾಲಗೆಯನ್ನು ಇ ಹೇಳುವ ಜಾಗದಲ್ಲೇ ಇಡಿ, ತುಟಿ ಮಾತ್ರ ಉ ಹೇಳುವಾಗಿನ ಹಾಗೆ ಮುಂದೆ ಮಾಡಿ, ಬಂತು. ಮೊಗ್ಲಿಂಗ್ ಅವರ ಒ ಮೇಲೂ ಎರಡು ಚುಕ್ಕೆ, ಅಲ್ಲಿ ನಾಲಗೆ ಎ ಜಾಗದಲ್ಲಿ, ತುಟಿ ಒ ಆಕಾರದಲ್ಲಿ. ಶ್ರೋಡಿಂಗರ್, ಗೋಡೆಲ್, ರೋಂಟ್ಗೆನ್ ಮೂವರಿಗೂ ಇದೇ ಸ್ವರ. ಇದಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ, ಹಾಗಾಗಿ ಓ ಅಂತ ಬರೆದ್ರೆ ಸಾಕು, ಮುಲ್ಲರ್ ಅಂತಲೇ ಹೇಳಿದ್ರೂ ಸಾಕು. ಊರಿಗೆ ಊರೇ ನೂರು ವರ್ಷಕ್ಕಿಂತ ಹೆಚ್ಚು ಪ್ರೀತಿಯಿಂದ ಕರೆದ ಹೆಸರನ್ನು ನಾನು ತಿದ್ದುವ ಪ್ರಶ್ನೆಯೇ ಇಲ್ಲ.

ಎಲ್ಲಿಗೆ ನಿಲ್ಲಿಸ್ಬೇಕು ಅನ್ನುದೂ ಮುಖ್ಯ. ಪೈಥಾಗೊರಸ್, ಆರ್ಕಿಮಿಡೀಸ್, ಅರಿಸ್ಟಾಟಲ್ ಇವರೆಲ್ಲ ಕನ್ನಡದಲ್ಲಿ ನೆಲೆ ಆದವರು, ಗ್ರೀಕಿನಲ್ಲಿ ಹೇಗೆ ಅಂತ ಹುಡುಕಿ ಈಗ ಅವರನ್ನು ಎಬ್ಬಿಸುದು ಬೇಡ. ಐನ್‌ಸ್ಟೈನ್ ಜರ್ಮನ್‌ನಲ್ಲಿ ಐನ್‌ಶ್ಟೈನ್, ಆದ್ರೂ ಐನ್‌ಸ್ಟೈನ್ ಅಂದ್ರೆ ಯಾರಿಗೂ ತೊಂದರೆ ಇಲ್ಲ. ಫ್ರೆಂಚರ ಹಾಗೆ ಗಂಟಲಲ್ಲಿ ರ ಉರುಳಿಸುದು ಬೇಡವೇ ಬೇಡ, ನಮ್ಮ ರ ಸಾಕು, ಕನ್ನಡದ ಬಾಯಲ್ಲಿ ಕನ್ನಡದ ಅಕ್ಷರದಲ್ಲಿ ಎಷ್ಟು ಹತ್ತಿರ ಹೋಗ್ತದೋ ಅಷ್ಟು. ಇದಕ್ಕಿಂತ ಮುಖ್ಯ, ವೈವಾದಲ್ಲಿ ಹೆದರಿ ನಿಂತಿರುವ ಮಗು ಡಿ ಮಾಯ್ವರ್ ಅಂದ್ರೆ ಅಲ್ಲಿ ತಿದ್ಲಿಕ್ಕೆ ಹೋಗ್ಬಾರದು, ಅದು ಕ್ರೂರ. ಥಿಯರಂ ಸರಿ ಹೇಳಿದ್ರೆ ಮಾರ್ಕ್ ಕೊಡಿ, ದ ಮ್ವಾವ್ರ್ ಅನ್ನುದನ್ನು ಆಮೇಲೆ ಸಾವಕಾಶವಾಗಿ ಹೇಳಿಕೊಡಿ. ತಪ್ಪು ಹೇಳಿದವರನ್ನು ನೋಡಿ ನಗುವ ಕೆಲವರು ಎಲ್ಲ ಕಡೆ ಇರ್ತಾರೆ, ಅವರಿಂದಾಗಿಯೇ ಎಷ್ಟೋ ಮಕ್ಕಳು ಹೆಸರು ಬಂದಲ್ಲಿ ಧ್ವನಿ ಸಣ್ಣ ಮಾಡಿ ನುಂಗಿಬಿಡ್ತಾರೆ. ಹಳ್ಳಿಯ ಶಾಲೆಯಿಂದ ಬಂದವರು ಹೆಚ್ಚು. ಅವರಿಗೆ ಮೊದಲೇ ಕನ್ನಡದಲ್ಲಿ ಬರೆದು ಕೊಟ್ರೆ ಆ ನುಂಗುದು ನಿಲ್ತದೆ, ನನಗೆ ಬೇಕಾದದ್ದು ಅಷ್ಟೇ.

ಲೆಕ್ಕ ಸರಿಯಾದ್ರೆ ಆಯ್ತಲ್ಲ, ಹೆಸರು ಹೇಗೆ ಹೇಳಿದ್ರೆ ಎಂತ ಅಂತ ಕೇಳುವವರೂ ಇದ್ದಾರೆ. ಟಿವಿಯಲ್ಲಿ ಹಿಂದಿ ನ್ಯೂಸಿನವರು ಮಂಗಲೂರು ಅಂತ ಹೇಳಿದಾಗ ನಮಗೆ ಹೇಗಾಗ್ತದೆ? ಅವರಿಗೆ ಳ ಇಲ್ಲ, ಆದ್ರೂ ಒಬ್ಬ ರಿಪೋರ್ಟರ್ ಕಷ್ಟಪಟ್ಟು ಳ ಹೇಳಿದ್ರೆ ನಮಗೆ ಅವ ನಮ್ಮವನೇ ಅಂತ ಅನಿಸ್ತದೆ. ಒಂದೇ ಊರನ್ನು ತುಳುವರು ಕುಡ್ಲ ಅಂತಾರೆ, ಕೊಂಕಣಿಯವರು ಕೊಡಿಯಾಲ್, ಬ್ಯಾರಿಗಳು ಮೈಕಾಲ, ಇಲ್ಲಿ ಯಾರೂ ಇನ್ನೊಬ್ಬರ ಹೆಸರನ್ನು ತಪ್ಪು ಅಂತ ಹೇಳುದಿಲ್ಲ, ಅವರವರ ಮಾತಲ್ಲಿ ಅವರವರ ಹಾಗೆ ಕರೀಲಿಕ್ಕೆ ಎಲ್ಲರಿಗೂ ಬರ್ತದೆ. ರಾಮಾನುಜನ್ ಹೆಸರನ್ನು ವಿದೇಶದವರು ನೂ ಅಂತ ಎಳೆದು ರಾಮಾನೂಜನ್ ಅನ್ನುವಾಗ ನನಗೆ ಕಿರಿಕಿರಿ ಆಗ್ತದೆ, ಹಾಗಿರುವಾಗ ಅವರ ಕಡೆಯ ಹೆಸರು ನಾನು ಹೇಳುವಾಗಲೂ ಅಷ್ಟೇ ಕಾಳಜಿ ಇರ್ಬೇಕಲ್ವಾ.

ಪೂರ್ವ ಯುರೋಪಿನ ಕಡೆಯದ್ದು ಇನ್ನೂ ಚಂದ ಉಂಟು. ರಷ್ಯದ ಚೆಬಿಶೋಫ್ ಅವರ ಹೆಸರು ಸಿರಿಲಿಕ್ ಲಿಪಿಯದ್ದು, ಅದನ್ನು ಫ್ರೆಂಚರು ಒಂದು ರೀತಿ, ಜರ್ಮನರು ಒಂದು ರೀತಿ, ಇಂಗ್ಲಿಷಿನವರು ಮತ್ತೊಂದು ರೀತಿ ಬರೆದು ಲೈಬ್ರರಿಯಲ್ಲಿ ಒಂದೇ ಮನುಷ್ಯ ಬೇರೆ ಬೇರೆ ಕಪಾಟಿನಲ್ಲಿ ಸಿಗುವ ಹಾಗೆ ಮಾಡಿದ್ದಾರೆ. ಅವರ ಪಾಲಿನೋಮಿಯಲ್‌ಗೆ ಟಿ ಅಂತ ಯಾಕೆ ಗುರುತು ಅಂದ್ರೆ ಫ್ರೆಂಚ್ ಮತ್ತು ಜರ್ಮನ್ ಸ್ಪೆಲ್ಲಿಂಗ್ ಟಿ-ಯಿಂದ ಶುರು, ಅದಕ್ಕೆ. ಕನ್ನಡದಲ್ಲಿ ಒಂದೇ ಸ್ಪೆಲ್ಲಿಂಗ್ ಸಾಕು. ಹಂಗೇರಿಯಲ್ಲಿ ಬರೀ ಎಸ್ ಅಂದ್ರೆ ಶ, ಹಾಗಾಗಿ ಎರ್ದೋಶ್. ಪೋಲೆಂಡಿನಲ್ಲಿ ಎಲ್‌ಗೆ ಅಡ್ಡ ಗೆರೆ ಹಾಕಿದ್ರೆ ಅದು ವ-ದ ಹಾಗೆ ಕೇಳ್ತದೆ. ಮೇರಿ ಕ್ಯೂರಿಯವರ ತವರಿನ ಹೆಸರು ಸ್ಕ್ವೊದೊಫ್ಸ್ಕಾ. ಆಕೆ ಮದುವೆ ಆಗಿ ಫ್ರಾನ್ಸಿನಲ್ಲಿ ಇದ್ರೂ ಆ ಹೆಸರು ಬಿಡ್ಲಿಲ್ಲ, ಸಹಿಯಲ್ಲಿ ಎರಡನ್ನೂ ಇಟ್ಕೊಂಡ್ರು, ಪೋಲೆಂಡ್ ಅನ್ನುವ ದೇಶವೇ ನಕ್ಷೆಯಲ್ಲಿ ಇಲ್ಲದ 1898ರಲ್ಲಿ ತಾವು ಕಂಡುಹಿಡಿದ ಹೊಸ ಧಾತುವಿಗೆ ಪೊಲೋನಿಯಂ ಅಂತ ಹೆಸರಿಟ್ರು. ಅಷ್ಟು ಹಠ ಹಿಡಿದು ಉಳಿಸಿಕೊಂಡ ಹೆಸರನ್ನು ನಾವು ಪೂರ್ತಿ ಬಿಟ್ಟೇ ಬಿಟ್ಟಿದ್ದೇವೆ, ಕೆಮಿಸ್ಟ್ರಿ ಪಾಠದಲ್ಲಿ ಒಮ್ಮೆಯಾದ್ರೂ ಪೂರ್ತಿ ಹೆಸರು ಹೇಳ್ಬೇಕು ಅಂತ ನನ್ನ ಆಸೆ.

ಈಗ ನಾನು ಕೂತಿರುದು ಚೀನಿ ಹೆಸರುಗಳ ಮುಂದೆ, ಯಾಕಂದ್ರೆ ಇನ್ನು ಮುಂದೆ ನಮ್ಮ ಮಕ್ಕಳು ಓದುವ ರಿಸರ್ಚ್ ಪೇಪರ್‌ಗಳಲ್ಲಿ ಅವೇ ಹೆಚ್ಚು. ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಗೆ ಅದರದ್ದೇ ಲೆಕ್ಕ ಉಂಟು, ಎಕ್ಸ್ ಅಂದ್ರೆ ಶ್ಯ, ಕ್ಯೂ ಅಂದ್ರೆ ಛ್ಯ. ಇನ್ನೂ ಒಂದು ವಿಷಯ, ಅವರ ಬಿ ನಮ್ಮ ಪ, ಅವರ ಪಿ ಉಸಿರು ಬಿಟ್ಟು ಹೇಳುವ ಮಹಾಪ್ರಾಣ, ಅವರ ಡಿ ನಮ್ಮ ತ, ಅವರ ಟಿ ನಮ್ಮ ಥ. ಅಂದ್ರೆ ಅಲ್ಪಪ್ರಾಣ ಮಹಾಪ್ರಾಣ ಅಂತ ಪ್ರೈಮರಿಯಲ್ಲಿ ಕಲಿತದ್ದು ಇಲ್ಲಿ ನೇರ ಉಪಯೋಗಕ್ಕೆ ಬರ್ತದೆ, ಇಂಗ್ಲಿಷಿನಲ್ಲಿ ಬರೆಯಲಿಕ್ಕಾಗದ್ದು ಕನ್ನಡದಲ್ಲಿ ಆಗ್ತದೆ. ಚೀನಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿಡ್ಲಿಕ್ಕೆ ನಾನು ಮಾಡ್ತಿರುವ ಪಟ್ಟಿಯಲ್ಲಿ ಮೊದಲು ಬರೆದದ್ದು ಥು ಯೋಯೋ ಅವರ ಹೆಸರು. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಔಷಧಿ ಕಂಡುಹಿಡಿದದ್ದಕ್ಕೆ 2015ರಲ್ಲಿ ನೊಬೆಲ್ ಬಂತು ಅವರಿಗೆ. ಮಳೆಗಾಲ ಬಂತೆಂದ್ರೆ ರಕ್ತ ಪರೀಕ್ಷೆಗೆ ಸಾಲು ನಿಲ್ಲುವ ಮಂಗಳೂರಿನವರಿಗೆ ಆ ಔಷಧಿ ಎಂತ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಪಟ್ಟಿ ಮುಗಿದ ಕೂಡ್ಲೆ ಬಯಾಲಜಿ ಹೇಳುವ ನಮ್ಮ ಸಹೋದ್ಯೋಗಿಗೆ ಒಂದು ಪ್ರತಿ ಕೊಡ್ತೇನೆ, ಆಕೆ ಈಗಾಗಲೇ ಕೇಳಿ ಇಟ್ಟಿದ್ದಾರೆ.